ಹಾಲಿನ ಕ್ಯಾನಿನಲ್ಲಿ ಬಂದ ಕೊರಮೀನು

ಮೊಮ್ಮಗಳು ಹುಟ್ಟಿದ ದಿನದಿಂದ ನನಗೆ ಕಣ್ಣಿಗೆ ಬಿದ್ದದ್ದೆಲ್ಲದರ ಮೇಲೂ ಅನುಮಾನ. ಸಂತೋಷ ಹೆಚ್ಚಾದರೆ ಹೀಗೇ ಆಗುತ್ತದೇನೋ. ಬರಿಗೈಯವಳು ಸಂತೆಯಲ್ಲಿ ಕೈ ಬೀಸಿಕೊಂಡು ನಡೆಯುತ್ತಾಳೆ. ಸೆರಗಿನ ತುದಿಗೆ ಬಂಗಾರ ಗಂಟು ಹಾಕಿಕೊಂಡವಳು ಪಕ್ಕದಲ್ಲಿ ದೇವರೇ ನಡೆದು ಬಂದರೂ ಸೆರಗು ಬಿಗಿ ಹಿಡಿಯುತ್ತಾಳೆ. ರಾಬರ್ಟ್‌ಸನ್‌ಪೇಟೆಯ ಆಸ್ಪತ್ರೆಯಲ್ಲಿ ನರ್ಸಮ್ಮ ಆ ಕೆಂಪು ಮುದ್ದೆಯನ್ನು ನನ್ನ ಕೈಗೆ ಇಟ್ಟಾಗ ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಕೂಸಿಗೆ ಸುತ್ತಿದ್ದ ಬಟ್ಟೆಯನ್ನು ಮೂಸಿ ನೋಡಿ, "ಇದನ್ನ ಯಾವ ಸೋಪಲ್ಲಿ ಒಗ್ದಿದೀರಮ್ಮಾ?" ಅಂತ ಕೇಳಿದ್ದು ಮಾತ್ರ ನೆನಪಿದೆ. ನರ್ಸಮ್ಮ ನನ್ನ ಮಗಳ ಕಡೆ ತಿರುಗಿ, "ನಿಮ್ಮಮ್ಮ ಪೊಲೀಸಿನಲ್ಲಿದ್ರಾ?" ಅಂದಳು.

ನಮ್ಮದು ಕೆಜಿಎಫ್‌ನ ಚಾಂಪಿಯನ್ ರೀಫ್ಸಿನ ಲೈನ್ ಮನೆ, ಚಿನ್ನದ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ್ದು. ನಮ್ಮ ಯಜಮಾನರು ನೆಲದೊಳಗೆ ಇಳಿದು ಕಲ್ಲು ಕೊರೆಯುತ್ತಿದ್ದವರು. ಗಣಿ ಮುಚ್ಚಿತು, ಮನೆ ಉಳಿಯಿತು, ಅವರ ಕೆಮ್ಮೂ ಉಳಿಯಿತು. ಮನೆಯ ಹಿಂದೆ ಸ್ವಲ್ಪ ದೂರದಲ್ಲಿ ಬೂದಿ ಬಣ್ಣದ ಗುಡ್ಡವಿದೆ. ಕಲ್ಲನ್ನು ಪುಡಿ ಮಾಡಿ ಚಿನ್ನ ತೆಗೆದುಕೊಂಡ ಮೇಲೆ ಉಳಿದದ್ದನ್ನೆಲ್ಲ ತಂದು ಸುರಿದು ಸುರಿದು ಆದ ಗುಡ್ಡ. ಸೈನೈಡ್ ಗುಡ್ಡ ಅಂತಲೇ ಕರೆಯುತ್ತೇವೆ. ಗಾಳಿ ಕಾಲದಲ್ಲಿ ಅದರ ಪುಡಿ ತಟ್ಟೆಯ ರಾಗಿ ಮುದ್ದೆಯ ಮೇಲೆ ಬಂದು ಕೂರುತ್ತದೆ. ಇಷ್ಟು ವರ್ಷ ಅದನ್ನು ಊದಿ ತಿಂದವಳು ನಾನು. ಬಾಣಂತಿ ಮಗಳು ಕೂಸಿನೊಂದಿಗೆ ಮನೆಗೆ ಬಂದ ದಿನವೇ ಕಿಟಕಿಯ ಸಂದುಗಳಿಗೆಲ್ಲ ಹಸಿ ಬಟ್ಟೆ ತುರುಕಿದೆ.

ಮಗಳು ಮಂಚದ ಮೇಲಿಂದ ನೋಡುತ್ತಿದ್ದಳು. "ಅಮ್ಮಾ, ನಾನೂ ಇದೇ ಮನೇಲಿ ಬೆಳ್ದೋಳಲ್ವಾ? ನನ್ಗ್ಯಾಕೆ ಬಟ್ಟೆ ತುರುಕ್ಲಿಲ್ಲ?"

"ನೀನು ಮಗಳು ಕಣೇ. ಇವಳು ಮೊಮ್ಮಗಳು."

ಒಂದೇ ಒಂದು ಕೊರಗಿತ್ತು. ಮಗಳಿಗೆ ಹಾಲು ಸಾಲುತ್ತಿರಲಿಲ್ಲ. ಕೂಸು ಎಳೆದು ಎಳೆದು ಸೋತು ಅಳುತ್ತಿತ್ತು, ಅದು ಅಳುವುದನ್ನು ನೋಡಿ ಇವಳು ಅಳುತ್ತಿದ್ದಳು. ಅಂಗಡಿಯ ಪುಡಿ ಹಾಲಿನ ಡಬ್ಬ ತರೋಣವೆಂದರೆ ಡಬ್ಬದ ಮೇಲಿದ್ದ ಗುಂಡು ಮುಖದ ಮಗುವಿನ ಮೇಲೂ ನನಗೆ ಅನುಮಾನ: ಇದು ನಿಜವಾಗಿಯೂ ಈ ಪುಡಿಯನ್ನೇ ಕುಡಿದು ಬೆಳೆದದ್ದಾ? ಪಕ್ಕದ ಮನೆಯ ತಮಿಳಮ್ಮ ದಿನಕ್ಕೊಂದು ಸಲ ಇಣುಕಿ, "ಸುರಾ ಮೀನು ತಂದು ಪುಟ್ಟು ಮಾಡಿ ಕುಡು ಅಕ್ಕಾ, ಪಾಲು ಅಪ್ಪಡಿಯೇ ಸುರಿಯುತ್ತೆ" ಅನ್ನುತ್ತಿದ್ದಳು. ಶಾರ್ಕ್ ಮೀನನ್ನು ಉದುರಿಸಿ ಹುರಿದುಕೊಟ್ಟರೆ ಹಾಲು ಸುರಿಯುತ್ತದಂತೆ. ಸಮುದ್ರದ ಸುರಾ ನಮ್ಮ ಪೇಟೆಗೆ ಬರುವಷ್ಟರಲ್ಲಿ ಯಾವ ಕಾಲದ್ದಾಗಿರುತ್ತದೋ ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಬಾಣಂತಿಗೆ ಕೊರಮೀನು. ಕೆರೆಯ ಕರಿ ಮೀನು, ಹಾವಿನಂಥ ತಲೆ, ನೀರಿನಿಂದ ತೆಗೆದರೂ ಬಹಳ ಹೊತ್ತು ಸಾಯುವುದಿಲ್ಲ. ಬೆಳ್ಳುಳ್ಳಿ ಮೆಣಸು ಅರೆದು ಸಾರು ಮಾಡಿಕೊಟ್ಟರೆ ಎದೆ ತುಂಬುತ್ತದೆ ಅಂತ ನಮ್ಮಜ್ಜಿಯ ಕಾಲದಿಂದ ನಂಬಿಕೆ. ಎಷ್ಟು ದೊಡ್ಡ ಮೀನೋ ಅಷ್ಟು ಹಾಲು ಅನ್ನುವುದು ಲೆಕ್ಕ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ನಮ್ಮ ಬೀಗಿತ್ತಿ, ಅಂದರೆ ಮಗಳ ಅತ್ತೆ, ಬಂದಿಳಿದರು. ಅವರದು ಬಂಗಾರಪೇಟೆ ಪಕ್ಕದ ಹಳ್ಳಿ, ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಮನೆ. ಕೈಯಲ್ಲಿ ಹಾಲಿನ ಕ್ಯಾನು ನೋಡಿ, ಹಸುವಿನ ಹಾಲು ತಂದಿದ್ದಾರೆ ಅಂತ ಮುಚ್ಚಳ ತೆಗೆದೆ. ಒಳಗಿಂದ ಕರಿ ತಲೆಯೊಂದು ಮೇಲೆದ್ದು ನನ್ನನ್ನೇ ನೋಡಿತು.

"ಅಯ್ಯೋ! ಆವು!"

"ಆವಲ್ಲ ತಂಗೀ, ಕೊರಮೀನು. ಮುಚ್ಚಳ ಮುಚ್ಚು, ಎಗರ್ಬಿಟ್ಟಾತು. ಸೊಸೆಗೆ ಸಾರು ಮಾಡಿ ಇಕ್ಕು. ನಮ್ ಕೂಸು ಆಲಿಲ್ದೆ ಅಳೋದು ಬಂಗಾರಪ್ಯಾಟೆಗಂಟ ಕೇಳುಸ್ತೈತೆ."

ಯಜಮಾನರ ಮುಖ ಹುಣ್ಣಿಮೆಯಾಯಿತು. "ನೋಡು, ಬೀಗಿತ್ತಿ ಅಂದ್ರೆ ಇವ್ರು! ಇಂಥಾ ಮೀನು ನೋಡಿ ಎಷ್ಟೊರ್ಸ ಆಯ್ತು!" ಅಂದವರೇ ಮೆಣಸಿನ ಡಬ್ಬ ಹುಡುಕಲು ಹೊರಟರು.

ನನಗೂ ಸಂತೋಷವೇ. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಚುಚ್ಚಿತು. ಬಂಗಾರಪೇಟೆಯಿಂದ ರೈಲಿನಲ್ಲಿ ಬರುವವರು ಸ್ಟೇಷನ್ ಕಡೆಯಿಂದ ನಡೆದು ಬರಬೇಕು. ಇವರು ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಕಡೆಯಿಂದ ಬಂದಿದ್ದರು.

"ಯಾವ ಕೆರೇದು ಅಕ್ಕಾ?"

ಅವರು ಸೆರಗು ಸರಿ ಮಾಡಿಕೊಂಡರು. "ಒಳ್ಳೆ ಕೆರೇದು."

ಯಾವ ಕೆರೆ ಅಂತ ಕೇಳಿದರೆ ಊರಿನ ಹೆಸರು ಬರಬೇಕು. ಒಳ್ಳೆಯದು ಅನ್ನುವ ಹೆಸರಿನ ಕೆರೆ ನಮ್ಮ ತಾಲ್ಲೂಕಿನಲ್ಲಿ ನಾನು ಕೇಳಿಲ್ಲ. ಇನ್ನೊಂದು ಸಲ ಕೇಳೋಣವೆಂದರೆ ಅವರು ಮೊಮ್ಮಗಳ ಕೆನ್ನೆ ಮುಟ್ಟಿ, ಸೊಸೆಯ ತಲೆ ಸವರಿ, "ಅಸಾ ಕರೀಬೇಕು, ಮುಂದಿನ್ವಾರ ಬತ್ತೀನಿ, ಅಷ್ಟೊತ್ಗೆ ಸೊಸೆ ಎದೆ ತುಂಬಿರ್ಬೇಕು" ಅಂತ ಹೊರಟೇಬಿಟ್ಟರು. ಕ್ಯಾನು ಮಾತ್ರ ಇಲ್ಲೇ.

ಅವರು ಹೋದ ಮೇಲೆ ನಾನು ಯಜಮಾನರಿಗೆ ಹೇಳಿದೆ: "ಇದು ಗುಡ್ಡದ ಕೆಳಗಿನ ಕೆರೇದೇ. ಪೇಟೆಯಲ್ಲಿ ತಗೊಂಡು ಬಂದವ್ರೆ."

"ಆದ್ರೇನಾಯ್ತೇ?"

"ಆ ಗುಡ್ಡದ ಮಳೆ ನೀರೆಲ್ಲಾ ಅರ್ದು ಓಗೋದು ಅಲ್ಲಿಗೇ ಅಲ್ವಾ?"

"ಲೇ, ವಿಷ ಇದ್ದಿದ್ರೆ ಮೀನು ಸಾಯ್ತಿರ್ಲಿಲ್ವೇನೇ? ನೋಡು, ನನ್ಗಿಂತ ಜೋರಾಗಿ ಉಸುರಾಡ್ತೈತೆ."

ಅವರ ಮಾತು ಅವರೊಬ್ಬರದಲ್ಲ, ನಮ್ಮ ಲೈನಿನ ಎಲ್ಲರದೂ. ವಿಷ ಅಂದರೆ ನಮಗೆ ಗೊತ್ತಿದ್ದದ್ದು ಒಂದೇ. ಗುಡ್ಡದ ತಗ್ಗಿನಲ್ಲಿ ನಿಂತ ನೀರು ಕುಡಿದ ಹಸು ಹಗ್ಗ ಹಿಡಿದವನು ತಿರುಗಿ ನೋಡುವಷ್ಟರಲ್ಲಿ ಕಾಲು ಚಾಚುತ್ತಿತ್ತು ಅಂತ ಹೇಳುತ್ತಿದ್ದರು. ಅದು ವಿಷ. ಬಿದ್ದರೆ ವಿಷ, ಎದ್ದು ಓಡಾಡಿದರೆ ಊಟ. ಹಾಗಾಗಿ ಅನುಮಾನ ಬಂದದ್ದನ್ನು ಕೋಳಿಗೆ ಹಾಕಿ ನೋಡುವುದು, ಕೋಳಿ ಕುಕ್ಕಿಕೊಂಡು ತಿರುಗಾಡಿದರೆ ನಾವು ತಿನ್ನುವುದು. ನಾವು ಹೀಗೇ ಬದುಕಿದವರು.

ನಾನು ಅರ್ಧ ಒಪ್ಪಿದೆ, ಇನ್ನರ್ಧ ಒಪ್ಪಲಿಲ್ಲ. ಸಾರು ಮಾಡದೆ ಮೀನನ್ನು ಒಗೆಯುವ ತೊಟ್ಟಿಗೆ ಬಿಟ್ಟೆ. ಗದ್ದೆಯ ಏಡಿಯನ್ನು ಒಳ್ಳೆ ನೀರಿನಲ್ಲಿ ಇಟ್ಟು ಹೊಟ್ಟೆಯ ಮಣ್ಣು ಕಕ್ಕಿಸುವುದಿಲ್ಲವೇ, ಹಾಗೆ ಇದೂ ಕಕ್ಕಲಿ ಅಂತ. ಹಲಗೆ ಮುಚ್ಚಿ ಮೇಲೆ ರುಬ್ಬುಗುಂಡು ಇಟ್ಟೆ. ಬೆಳಿಗ್ಗೆ ಸಂಜೆ ನೀರು ಬದಲಾಯಿಸಿದೆ. ಚೆಲ್ಲುವ ನೀರನ್ನು ಮೊದಲು ಮೂಸುತ್ತಿದ್ದೆ. ಮೊದಮೊದಲು ಕಪ್ಪಗೆ ಬರುತ್ತಿತ್ತು, ಆಮೇಲೆ ಎಳನೀರಿನಂತೆ ತಿಳಿಯಾಯಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

"ಮೀನಿಗೂ ಬಾಣಂತನವೇನಮ್ಮಾ?" ಅಂತ ಮಗಳು ಒಳಗಿಂದ ನಗುತ್ತಿದ್ದಳು.

ಆದರೆ ಮೀನು ಏನನ್ನೂ ತಿನ್ನುತ್ತಿರಲಿಲ್ಲ. ಅನ್ನ ಹಾಕಿದೆ, ಮುದ್ದೆ ಹಾಕಿದೆ, ತಿರುಗಿಯೂ ನೋಡಲಿಲ್ಲ. ಇಣುಕಲು ಬಂದ ತಮಿಳಮ್ಮ ತಲೆ ಚಚ್ಚಿಕೊಂಡಳು. "ಅದು ಅನ್ನ ಸೋರು ಎಲ್ಲಾ ತಿನ್ನಲ್ಲ ಅಕ್ಕಾ. ಉಸುರು ಇರೋದನ್ನೇ ನುಂಗೋದು. ಸಣ್ಣ ಮೀನು ಬಿಡು."

ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಪುಟ್ಟ ಪುಟ್ಟ ಮೀನುಗಳಿವೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಿಟ್ಟುಹೋದದ್ದು, ಬೆಳೆದು ಸಂಸಾರ ಮಾಡಿಕೊಂಡಿವೆ. ಒಂದು ಚೊಂಬು ಮುಳುಗಿಸಿ ಬಂದಷ್ಟನ್ನು ತಂದು ಕೊರಮೀನಿನ ತೊಟ್ಟಿಗೆ ಸುರಿದೆ. ಅದು ಕಲ್ಲಿನಂತೆ ಇತ್ತು. ಬಾಲ ಒಂದಿಷ್ಟು ಅಲ್ಲಾಡಿತು, ಗಬಕ್ಕನೆ ಒಂದು ಹೋಯಿತು. ಮತ್ತೆ ಕಲ್ಲು. ಮತ್ತೆ ಗಬಕ್. ನಾನು ಬಟ್ಟೆ ಹಿಂಡುವುದನ್ನು ಬಿಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತೆ. ನೋಡನೋಡುತ್ತ ತೊಟ್ಟಿ ಖಾಲಿ. ಮತ್ತೊಂದು ಚೊಂಬು ತಂದೆ. ಅದೂ ಖಾಲಿ. ಅಷ್ಟು ಮೀನು ಅದರ ಹೊಟ್ಟೆಯಲ್ಲಿ ಎಲ್ಲಿ ಹೋದವು? ಹೊಟ್ಟೆಯೇನೂ ಊದಿಕೊಂಡಿರಲಿಲ್ಲ.

ಆ ಪುಟ್ಟ ಮೀನುಗಳು ಏನು ತಿಂದಿದ್ದವು? ಸೊಳ್ಳೆ ಮರಿ. ಸೊಳ್ಳೆ ಮರಿ ಏನು ತಿಂದಿತ್ತು? ತೊಟ್ಟಿಯ ಪಾಚಿ. ಪಾಚಿಯ ಮೇಲೆ ಏನು ಬಿದ್ದಿತ್ತು? ಗಾಳಿಯಲ್ಲಿ ಬಂದ ಗುಡ್ಡದ ಪುಡಿ. ಒಂದು ಪುಟ್ಟ ಮೀನಿನಲ್ಲಿ ಏನಿದ್ದೀತು, ಉಗುರಿನ ತುದಿಯಷ್ಟು. ಆದರೆ ಒಂದು ಚೊಂಬು ಮೀನೆಲ್ಲ ಈಗ ಒಂದೇ ಮೀನು. ಕೆರೆಯಲ್ಲಿ ಇದು ಹೀಗೆ ಎಷ್ಟು ಚೊಂಬು ನುಂಗಿರಬೇಕು! ನಾನು ಹೊರಗಿನಿಂದ ನೀರು ಬದಲಾಯಿಸುತ್ತ ಕೂತಿದ್ದೆ.

ಅದೇ ಹೊತ್ತಿಗೆ ಒಳಗೆ ಯಜಮಾನರು ಕೆಮ್ಮಿದರು. ಅವರ ಎದೆಯ ಎಕ್ಸ್‌ರೇ ಹಾಸಿಗೆಯಡಿಯಲ್ಲಿದೆ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದ್ದು ನೆನಪಾಯಿತು, ಕರಿ ಎದೆಯ ತುಂಬ ಹಿಟ್ಟು ಚೆಲ್ಲಿದ ಹಾಗೆ ಬಿಳಿ. "ಇದು ಒಂದಿನ ಹೋದ ದೂಳಲ್ಲ ತಾಯಿ. ದಿನಾ ದಿನಾ ಹೋಗಿದ್ದು. ಒಳಗೆ ಹೋಗಿದ್ದು ಹೊರಗೆ ಬರಲ್ಲ" ಅಂದಿದ್ದರು. ಅವರ ಗಣಿ ಬಟ್ಟೆಯನ್ನು ನಾನು ಇದೇ ತೊಟ್ಟಿಯಲ್ಲಿ ಒಗೆಯುತ್ತಿದ್ದೆ. ನೀರು ತಿಳಿಯಾಗುವವರೆಗೆ ಜಾಲಿಸುತ್ತಿದ್ದೆ. ಬಟ್ಟೆ ಬೆಳ್ಳಗಾಯಿತು. ಎದೆ? ಈಗಲೂ ನಾನು ತೊಳೆಯುತ್ತಿದ್ದುದು ಮೀನಿನ ಬಟ್ಟೆಯನ್ನು.

ಆಮೇಲೆ ಇನ್ನೊಂದು ಯೋಚನೆ ಬಂತು. ಮೀನು ನನ್ನ ಮಗಳ ಹೊಟ್ಟೆಗೆ, ಮಗಳ ಹಾಲು ಕೂಸಿನ ಹೊಟ್ಟೆಗೆ. ಅಲ್ಲಿಯತನಕ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳು ಅಂದುಕೊಂಡಿದ್ದೆ. ಈ ಲೆಕ್ಕದಲ್ಲಿ ಎಲ್ಲರಿಗಿಂತ ದೊಡ್ಡ ಮೀನು ಅವಳೇ.

ಮೂರನೇ ಕ್ಲಾಸು ಓದಿದವಳ ಯೋಚನೆ, ತಪ್ಪಿರಬಹುದು. ಕೂಸಿಗೆ ಸೂಜಿ ಹಾಕಿಸಲು ಹೋದಾಗ ನನ್ನನ್ನು ಪೊಲೀಸು ಮಾಡಿದ ಆ ನರ್ಸಮ್ಮನನ್ನೇ ಕೇಳಿದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. ಮೀನು ಒಳ್ಳೆಯದೇ, ಬಾಣಂತಿಗೆ ಬೇಕೂ ಬೇಕು, ಆದರೆ ಬೇರೆ ಮೀನು ತಿಂದು ಬೆಳೆಯುವ ದೊಡ್ಡ ಮೀನಿನ ಮಾಂಸದಲ್ಲಿ ಪಾದರಸದಂಥದ್ದು ಕೂಡುತ್ತ ಹೋಗುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ ಅಂದಳು. ಎಲ್ಲಿಯದೆಂದು ತಿಳಿಯದ ದೊಡ್ಡ ಮೀನಿಗಿಂತ ಒಳ್ಳೆ ನೀರಿನ ಚಿಕ್ಕ ಮೀನು ವಾಸಿ. ನಮ್ಮ ಮೀನಿನಲ್ಲಿ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಯಾರೂ ಹೇಳಲಾರರು. ಹಾಲಿಗೆ ಮೀನೇ ಆಗಬೇಕೆಂದಿಲ್ಲ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಾಕಿ, ತಾಯಿಗೆ ಹೊಟ್ಟೆ ತುಂಬ ಊಟ ಕೊಡಿ ಅಂತಲೂ ಹೇಳಿದಳು.

ಪಾದರಸ ಅಂದರೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಚಿಕ್ಕವಳಿದ್ದಾಗ ಒಂದೊಂದು ಮನೆಯ ಹಿತ್ತಲಲ್ಲಿ ಕದ್ದು ತಂದ ಕಲ್ಲಿನ ಪುಡಿಗೆ ಪಾದರಸ ಹಾಕಿ ತಿಕ್ಕುತ್ತಿದ್ದರು. ಪುಡಿಯಲ್ಲಿದ್ದ ಚಿನ್ನವೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಆಡಲು ಹೋಗಿ ಅದರಲ್ಲಿ ಬೆರಳಿಟ್ಟ ಹುಡುಗಿಯೊಬ್ಬಳ ಉಂಗುರ ಬೆಳ್ಳಗಾಗಿ, ಅವರಮ್ಮ ಎಷ್ಟು ತಿಕ್ಕಿದರೂ ಹಳದಿ ಬಣ್ಣ ತಿರುಗಿ ಬರಲಿಲ್ಲ. ಹಿಡಿದದ್ದನ್ನು ಬಿಡದ ಜಾತಿ ಅದು.

ಬೀಗಿತ್ತಿ ಹೇಳಿದಂತೆ ಮುಂದಿನ ವಾರ ಬಂದರು. ಮೊಮ್ಮಗಳ ಹತ್ತಿರ ಹೋಗುವ ಮೊದಲು ಕ್ಯಾನಿಗೆಂದು ಹಿತ್ತಲಿಗೆ ಹೋದವರು ಹಲಗೆ ಸರಿಸಿ ನೋಡಿದರು.

"ತಂಗೀ! ಇದಿನ್ನೂ ಬದ್ಕೈತೆ!"

"ಹ್ಞೂಂ ಅಕ್ಕಾ."

"ನಮ್ ಮನೆ ಮೀನು ನಿಮ್ ಮಗಳ ಬಾಯಿಗೆ ರುಚಿಸ್ಲಿಲ್ವೋ? ಕೂಸು ಅಳ್ತಾ ಇರ್ಲಿ, ನೀನಿಲ್ಲಿ ಮೀನು ಸಾಕ್ಕೊಂಡು ಕೂತ್ಕೋ!"

"ಮೊದ್ಲು ಅದು ನಿಮ್ ಮನೆ ಮೀನಾ ಏಳಿ. ಅವತ್ತು ನೀವು ಬಂದಿದ್ದು ಪ್ಯಾಟೆ ಕಡೆಯಿಂದ."

ಅವರು ಹಲಗೆ ಮತ್ತೆ ಮುಚ್ಚಿದರು. ಹಿತ್ತಲಿನ ಕಲ್ಲಿನ ಮೇಲೆ ಕೂತರು. ದನಿ ತಗ್ಗಿಸಿ ಹೇಳಿದರು. "ನಮ್ಮೂರ ಕೆರೆಗೆ ಈಗ ಬೆಂಗ್ಳೂರಿಂದ ನೀರು ಬತ್ತೈತೆ ಕಣವ್ವಾ. ಶುದ್ಧ ಮಾಡಿ ಬಿಡ್ತಾರಂತೆ. ಬೋರ್‌ವೆಲ್ಲಲ್ಲಿ ನೀರು ಬಂತು, ಅಸಕ್ಕೆ ಮೇವಾಯ್ತು, ಇಲ್ಲ ಅನ್ನಲ್ಲ. ಆದ್ರೂ ಅಷ್ಟು ಜನ ಕಕ್ಕಸ್ ಸ್ನಾನ ಮಾಡಿದ್ ನೀರು. ಅದ್ರಲ್ಲಿ ಬೆಳ್ದಿದ್ ಮೀನು ನನ್ ಮೊಮ್ಮಗಳ್ಗೆ ಆಲಾಗೋದು ಬ್ಯಾಡ ಅನ್ನುಸ್ತು. ಕೆಜಿಎಫ್ ಕಡೆ ಮಳೆ ನೀರಿನ ಕೆರೆ ಅವೆ, ಆ ಮೀನೇ ವಾಸಿ ಅಂತ ಪ್ಯಾಟೇಲಿ ಇಳ್ದು ತಗೊಂಡೆ. ಏಳಿದ್ರೆ ಕೊಂಡ್ಕೊಂಡು ಬಂದೋಳು ಅಂತೀಯಾ ಅಂತ ಸುಮ್ನಿದ್ದೆ."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ನಾನು ನಮ್ಮ ಕೆರೆಗೆ ಹೆದರಿ ಅವರ ಕೆರೆಯ ಮೀನಾಗಿರಲಿ ದೇವರೇ ಅಂತ ಬೇಡಿಕೊಳ್ಳುತ್ತಿದ್ದೆ. ಅವರು ಅವರ ಕೆರೆಗೆ ಹೆದರಿ ನಮ್ಮ ಕೆರೆಯ ಮೀನು ತಂದಿದ್ದರು. ಎರಡು ಕೆರೆಯಲ್ಲಿ ಯಾವುದು ಒಳ್ಳೆಯದು ಅಂತ ಇಬ್ಬರಿಗೂ ಗೊತ್ತಿಲ್ಲ. ಪಕ್ಕದವರದು ಒಳ್ಳೆಯದಿರಬೇಕು ಅನ್ನುವ ಆಸೆ ಮಾತ್ರ.

ಗುಡ್ಡದ ಮಾತು, ಚೊಂಬಿನ ಮಾತು, ಎಕ್ಸ್‌ರೇ ಮಾತು ಎಲ್ಲ ಹೇಳಿದೆ. ಅವರು ಎದ್ದು ನಿಂತರು. "ನಡಿ, ಆ ಮೀನ್ನೋಳ್ನೇ ಕೇಳಾನ." ಇಬ್ಬರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವರು ಖಾಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಕೋರ್ಟಿಗೆ ಸಾಕ್ಷಿ ಒಯ್ಯುವವರ ಹಾಗೆ.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸು ಕತ್ತಿಯಲ್ಲಿ ಪೊರೆ ತೆಗೆಯುತ್ತ ಕೂತಿದ್ದಳು. ಬೀಗಿತ್ತಿ ಕೇಳಿದರು: "ಓದ್ವಾರ ನನ್ಗೆ ಕೊರಮೀನು ಕೊಟ್ಯಲ್ಲಮ್ಮಾ, ಅದು ಯಾವ ಕೆರೇದು?"

ಅವಳು ತಲೆ ಎತ್ತದೆ ಅಂದಳು: "ನಿಮ್ಗೆ ಯಾವ ಕೆರೇದು ಬೇಕು?"

"ಏಯ್, ನಿಜ ಏಳು!"

"ನಿಜಾನೇ ಏಳ್ತೀನಿ ಕೇಳಮ್ಮಾ. ಬಂಗಾರಪ್ಯಾಟೆಯವ್ರು ಬಂದು, ನಮ್ ಕಡೇದಾದ್ರೆ ಬ್ಯಾಡ ಅಂತಾರೆ. ಇವ್ರಿಗೆ ಇಲ್ಲೀದು ಅಂತೀನಿ. ಇಲ್ಲಿಯವ್ರು ಬಂದು, ಗುಡ್ಡದ ಕಡೇದಾದ್ರೆ ಬ್ಯಾಡ ಅಂತಾರೆ. ಅವ್ರಿಗೆ ಬಂಗಾರಪ್ಯಾಟೇದು ಅಂತೀನಿ. ಬೆಳಗಾಗೋದ್ರೊಳ್ಗೆ ಗಾಡಿ ಬಂದು ಬುಟ್ಟಿ ಇಳ್ಸಿ ಓಗುತ್ತೆ. ಎಲ್ಲೀದು ಅಂತ ನಂಗೇನ್ ಗೊತ್ತು? ಮೀನ್ಗೆ ಆಧಾರ್ ಕಾರ್ಡ್ ಐತಾ?"

ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಪಕ್ಕದ ಅಂಗಡಿಯಲ್ಲಿ ಒಂದು ಹೊರೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಗೊಂಡೆವು. ಸೊಪ್ಪಿನವನನ್ನು ಇಬ್ಬರೂ ಒಟ್ಟಿಗೇ ಕೇಳಿದೆವು: "ಇದಕ್ಕೆ ಯಾವ ನೀರು ಕಟ್ಟಿದ್ದೀಯಪ್ಪಾ?" ಅವನು ಬಾವಿ ನೀರು ಅಂದ. ನಂಬಲಿಲ್ಲ, ಆದರೂ ತಗೊಂಡೆವು. ಏನಾದರೂ ತಿನ್ನಲೇಬೇಕಲ್ಲ.

ಬೀಗಿತ್ತಿ ಆವತ್ತು ಊರಿಗೆ ಹೋಗಲಿಲ್ಲ. ಹಸು ಕರೆಯಲು ಪಕ್ಕದ ಮನೆಯವರಿಗೆ ಫೋನ್ ಮಾಡಿ ಹೇಳಿ ಕೆಲವು ದಿನ ನಮ್ಮಲ್ಲೇ ಉಳಿದರು. ಅವರು ಬೆಳ್ಳುಳ್ಳಿ ಹುರಿದು ಸೊಪ್ಪಿನ ಸಾರು ಕುದಿಸುವುದು, ನಾನು ಮುದ್ದೆ ತಿರುವುವುದು, ಕೂಸು ಬಾಯಿ ತೆರೆದಾಗಲೆಲ್ಲ ಎದೆಗೆ ಹಾಕಿಸುವುದು. "ಅಮ್ಮನೂ ಅತ್ತೆಯಾದ್ಲು, ಇಬ್ಬರು ಅತ್ತೆಯರ ಜೈಲು" ಅಂತ ಮಗಳು ಗೊಣಗುತ್ತಿದ್ದಳು. ಸೊಪ್ಪಿಗೋ, ಎದೆಗೆ ಹಾಕಿದ್ದಕ್ಕೋ, ನಮ್ಮ ಜಗಳ ನಿಂತು ಅವಳ ಮನಸ್ಸು ಹಗುರಾದದ್ದಕ್ಕೋ, ಹಾಲು ಏರುತ್ತ ಬಂತು. ಒಂದು ಮಧ್ಯಾಹ್ನ ಕೂಸು ಕುಡಿಯುತ್ತ ಕುಡಿಯುತ್ತ ಹಾಗೇ ನಿದ್ದೆ ಹೋಯಿತು. ತುಟಿಯ ಕೊನೆಯಿಂದ ಹಾಲು ಇಳಿಯುತ್ತಿತ್ತು. ಅದನ್ನು ನೋಡಿ ನಾವಿಬ್ಬರು ಮುದುಕಿಯರು ಬಾಗಿಲಲ್ಲಿ ನಿಂತು ಒಬ್ಬರ ಕೈ ಒಬ್ಬರು ಹಿಂಡಿದೆವು.

ಉಳಿದದ್ದು ಮೀನು. ಚೆಲ್ಲಿದರೆ ಬೀದಿ ನಾಯಿ ತಿನ್ನುತ್ತದೆ. ಕೆರೆಗೆ ಬಿಟ್ಟರೆ ಮತ್ತೆ ಯಾರದೋ ಬಲೆಗೆ ಬಿದ್ದು ಇನ್ಯಾವ ಬಾಣಂತಿಯ ತಟ್ಟೆಗೆ ಬರುತ್ತದೋ. ಯಜಮಾನರು ಮೆಣಸಿನ ಡಬ್ಬ ಹಿಡಿದು ಬಂದರು.

"ನನ್ ಎದೇಲಿ ಇರೋದ್ರ ಮುಂದೆ ಇದ್ರಲ್ಲಿ ಏನೈತೆ ಬಿಡ್ರಮ್ಮಾ? ಇಲ್ಲಿಗೆ ನಿಲ್ಸಾನ. ನಮ್ಮನ್ನ ತಿನ್ನೋರು ಯಾರೂ ಇಲ್ಲ, ಗೆದ್ದಲು ಬಿಟ್ರೆ."

ಇಬ್ಬರೂ ಹೆಂಗಸರು ನಕ್ಕೆವು, ಆಮೇಲೆ ನಗು ನಿಂತಿತು. ಅವರು ಹೇಳಿದ್ದು ಸರಿ. ನಮ್ಮಿಂದ ಮುಂದಕ್ಕೆ ಹೋಗುವ ದಾರಿ ಇಲ್ಲ. ಸಾರು ಮಾಡಿದೆ. ಮಗಳು ಒಳಗಿಂದ, "ವಾಸನೆಗೇ ಸಾಯ್ತಾ ಇದೀನಿ, ನನ್ಗೊಂದು ತುಂಡು ಕೊಡ್ರೀ!" ಅಂತ ಕೂಗಿದಳು. ಮೂವರೂ ಒಟ್ಟಿಗೆ "ಊಹೂಂ!" ಅಂದೆವು. ಸುಳ್ಳು ಯಾಕೆ, ಸಾರು ಬಹಳ ರುಚಿಯಾಗಿತ್ತು. ಆ ರುಚಿಯ ಮೇಲೂ ನನಗೆ ಅನುಮಾನವೇ ಬಂತು.

ತಿಂದಾದ ಮೇಲೆ ಸೀಗೆಪುಡಿ ಹಾಕಿ ಕೈ ತಿಕ್ಕಿದೆವು, ಬಾಯಿ ಮುಕ್ಕಳಿಸಿದೆವು. ನಾನು ಬೀಗಿತ್ತಿಯ ಕೈ ಮೂಸಿದೆ, ಅವರು ನನ್ನ ಕೈ ಮೂಸಿದರು. ಸಂಜೆಯತನಕ ಯಾರೂ ಕೂಸಿಗೆ ಮುತ್ತು ಕೊಡಬಾರದು ಅಂತ ಮಾತಾಯಿತು. ತೊಟ್ಟಿಲಿನ ಆ ಕಡೆ ಅವರು, ಈ ಕಡೆ ನಾನು, ಕೈ ಕಟ್ಟಿಕೊಂಡು ಕೂತೆವು. ಅವಳು ನಿದ್ದೆಯಲ್ಲಿ ನಕ್ಕಳು, ಆದರೂ ಇಬ್ಬರೂ ಅಲುಗಾಡಲಿಲ್ಲ.

ಪಾತ್ರೆ ತೊಳೆಯಲೆಂದು ನಾನು ಹಿತ್ತಲಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಬೀಗಿತ್ತಿ ಮೊದಲಿಗಿಂತ ನೆಟ್ಟಗೆ ಕೂತಿದ್ದರು, ಗೋಡೆ ನೋಡುತ್ತ. ಕೂಸಿನ ಕೆನ್ನೆಯ ಮೇಲೆ ಒಂಚೂರು ಒದ್ದೆ ಇತ್ತು.

"ಜೊಲ್ಲು" ಅಂದರು, ನಾನು ಕೇಳುವ ಮೊದಲೇ.